ಹಿಂಬದಿಯ ಸೀಟು

ಅಮೆರಿಕದ ಹಾಲಿಂಗ್ಸ್‌ಹೆಡ್ ಎಂಬಾತ 1933ರಲ್ಲಿ ನ್ಯೂಜೆರ್ಸಿಯ ಕ್ಯಾಮ್ಡೆನ್ನಿನಲ್ಲಿ ಡ್ರೈವ್-ಇನ್ ತೆರೆದು, ಕಾರಿನಿಂದ ಇಳಿಯದೆ ಸಿನಿಮಾ ನೋಡುವುದನ್ನು ಜನಕ್ಕೆ ಕಲಿಸಿದ. ನಮ್ಮಜ್ಜ ಅದನ್ನೇ ಎತ್ತಿನ ಗಾಡಿಯಲ್ಲಿ ಸಾಧಿಸಿದರು. ಹೆಸರು ಮಾತ್ರ ಬರಲಿಲ್ಲ. ಟಿಕೆಟ್ಟು ತಗೊಂಡಿರಲಿಲ್ಲ ನೋಡಿ!

ಸುಗ್ಗಿ ಮುಗಿದರೆ ಕೆರೆ ಏರಿ ಕೆಳಗೆ ಟೆಂಟು ಏಳುತ್ತಿತ್ತು. ಘಂಟಸಾಲರ ‘ನಮೋ ವೆಂಕಟೇಶ’, ಒಂದೇ ಮಶೀನು, ರೀಲು ಬದಲಿಸಿದಾಗಲೆಲ್ಲ ಇಂಟರ್‌ವಲ್ಲು, ಕಡಲೆಕಾಯಿ ಸಿಪ್ಪೆ: ಇದೆಲ್ಲ ನಿಮಗೂ ಗೊತ್ತು. ಪರದೆಯ ಹಿಂದಿನ ತಾಡಪಾಲು ಹರಿದಿದ್ದದ್ದು ಮಾತ್ರ ನಮ್ಮ ಮನೆಯವರಿಗಷ್ಟೇ ಗೊತ್ತಿತ್ತು.

ಅಜ್ಜ ಗಾಡಿಯನ್ನು ಆ ಹರುಕಿನ ನೇರಕ್ಕೇ ನಿಲ್ಲಿಸಿದರು. ಪರದೆ ಬರೀ ಬಿಳಿ ಬಟ್ಟೆ. ಚಿತ್ರ ಈಚೆಗೂ ಸೋರುತ್ತಿತ್ತು, ಆದರೆ ಕನ್ನಡಿಯಲ್ಲಿ ಕಂಡಂತೆ. ಆಗಷ್ಟೇ ಅಕ್ಷರ ಕಲಿತಿದ್ದ ನಾನು ‘ಬಂಗಾರದ ಮನುಷ್ಯ’ವನ್ನು ಬಲದಿಂದ ಎಡಕ್ಕೆ ಓದಿದೆ. ಭಾರತಿಯವರ ಸೆರಗು ಬಲ ಹೆಗಲ ಮೇಲಿತ್ತು.

“ಈ ಹುಡುಗಿ ನಮ್ಮ ಕಡೆಯೋಳಲ್ಲ ಕಣ್ರೀ, ಧಾರವಾಡದ ಕಡೆಯೋಳು” ಎಂದರು ಅಜ್ಜಿ.

“ನೆಂಟಸ್ತನ ಆಮೇಲೆ ಮಾಡೀವಂತೆ, ಸುಮ್ನೆ ನೋಡು” ಎಂದರು ಅಜ್ಜ.

ಮುಂದೆ ಎಷ್ಟೋ ಸಿನಿಮಾಗಳನ್ನು ಹೀಗೇ ನೋಡಿದೆ. ಹೀರೋಗಳೆಲ್ಲ ಎಡಗೈಲೇ ಗುದ್ದಿದರು, ಎಡಗೈಲೇ ಸಹಿ ಹಾಕಿದರು, ದೇವರೇ ಗತಿ, ಎಡಗೈಲೇ ಉಂಡರು. ರಾಜಕುಮಾರ್ ಎಡಚರು ಎಂದು ಶಾಲೆಯಲ್ಲಿ ಸಾರಿ, ಪಂದ್ಯ ಕಟ್ಟಿ ಹನ್ನೊಂದು ಗೋಲಿ ಕಳಕೊಂಡೆ. ಅದಕ್ಕಿಂತ ದೊಡ್ಡ ಜಗಳ ನಡೆದದ್ದು ‘ಬಂಗಾರದ ಮನುಷ್ಯ’ದ ಕೊನೆಯಲ್ಲಿ ಮನೆ ಬಿಟ್ಟು ಹೊರಟ ರಾಜೀವಪ್ಪ, ಅಂದರೆ ರಾಜಕುಮಾರ್, ಯಾವ ದಿಕ್ಕಿಗೆ ಹೋದರು ಎಂಬುದಕ್ಕೆ. ಇಡೀ ತರಗತಿ ಒಂದು ಕಡೆ ಬೆರಳು ತೋರಿಸಿತು, ನಾನು ಇನ್ನೊಂದು ಕಡೆ. ಮೇಷ್ಟ್ರು ಇಬ್ಬರಿಗೂ ನ್ಯಾಯ ಒದಗಿಸಲೆಂದು ನನಗೆ ಎರಡು ಬಿಟ್ಟರು.

1987ರಲ್ಲಿ ಟಿ.ವಿ.ಗೆ ರಾಮಾಯಣ ಬಂತು, ರಾಮಾಯಣದ ನೆಪದಲ್ಲಿ ಊರಿಗೆ ಟಿ.ವಿ. ಬಂತು, ಅದರ ಬೆನ್ನಿಗೇ ಬಾಡಿಗೆ ವೀಡಿಯೊ. ಕೆರೆ ಕೆಳಗಿನ ಜಾಗ ಸೈಟುಗಳಾಯಿತು. ಅಮೆರಿಕದ ಡ್ರೈವ್-ಇನ್‌ಗಳನ್ನು ನುಂಗಿದ್ದೂ ಇವೇ: ಟಿ.ವಿ., ವೀಡಿಯೊ, ಭೂಮಿಯ ಬೆಲೆ. ಟೆಂಟು ಕೊನೇ ಸಲ ಬಿಚ್ಚಿದ ವರ್ಷವೇ ಅಜ್ಜನೂ ಹೋದರು. ಎತ್ತುಗಳನ್ನು ಮಾರಿದೆವು.

ಈಚೆಗೆ ಮಗ ಬೆಂಗಳೂರಿನಲ್ಲಿ ಕಾರೊಳಗೆ ಕೂರಿಸಿ ಸಿನಿಮಾ ತೋರಿಸಿದ. ಟಿಕೆಟ್ಟಿನ ದುಡ್ಡಿಗೆ ಆಗ ಒಂದು ಹೋರಿಕರು ಬರುತ್ತಿತ್ತು. ಪಾಪ್‌ಕಾರ್ನ್ ಬೆಲೆ ಕೇಳಿ ಗಾಜು ಏರಿಸಿಕೊಂಡೆ. “ಪರದೆ ಹಿಂದಕ್ಕೆ ಕಾರು ಬಿಡ್ತಾರೇನಪ್ಪಾ?” ಎಂದು ಕಾವಲಿನವನನ್ನು ವಿಚಾರಿಸಿದ್ದಕ್ಕೆ ಮಗ ಮೂರು ದಿನ ಮಾತು ಬಿಟ್ಟ.

ಮೊನ್ನೆ ಭಾನುವಾರ ಟಿ.ವಿ.ಯಲ್ಲಿ ‘ಬಂಗಾರದ ಮನುಷ್ಯ’. ಈಗಲಾದರೂ ಮುಂದಿನಿಂದ ನೋಡೋಣವೆಂದು ಕೂತೆ. ಕೊನೆಗೆ ರಾಜೀವಪ್ಪ ಹೊರಟರು, ತರಗತಿಯವರು ತೋರಿಸಿದ್ದ ದಿಕ್ಕಿಗೇ.

“ಸ್ವಾಮೀ, ಆ ಕಡೆ ಅಲ್ಲ, ಈ ಕಡೆ!” ಎಂದು ಕೂಗಿಬಿಟ್ಟೆ.

ಹೆಂಡತಿ ಅಡುಗೆಮನೆಯಿಂದ ಬಂದು ಟಿ.ವಿ. ಸೌಂಡು ಕಡಿಮೆ ಮಾಡಿ ಹೋದಳು.