ಬೈಯಲಿಕ್ಕೆ ಒಂದು ಜನ ಬೇಕು

"ಬೈಯಲಿಕ್ಕೆ ಒಂದು ಜನ ಬೇಕಲ್ಲ ಮಾರಾಯ್ರೆ!" ಎಂದರು ಪಕ್ಕದ ಮನೆಯ ಮಾಷ್ಟ್ರು, ಕಂಪೌಂಡಿನ ಆಚೆಯಿಂದ. ಒಂದು ಕೈಯಲ್ಲಿ ಬಸಳೆ ಚಪ್ಪರಕ್ಕೆ ಕಟ್ಟುವ ಹಗ್ಗ. ಮೊಬೈಲು ಕಂಪೌಂಡಿನ ಮೇಲೆ, ಸ್ಪೀಕರಿನಲ್ಲಿ. ಅದರೊಳಗಿನಿಂದ ಒಬ್ಬಳು ನಯವಾದ ದನಿಯಲ್ಲಿ ನಿಮ್ಮ ಕರೆ ನಮಗೆ ಬಹಳ ಮುಖ್ಯ, ಎನ್ನುತ್ತಲೇ ಇದ್ದಳು. ಮಾಷ್ಟ್ರು ಆನ್‌ಲೈನಿನಲ್ಲಿ ತರಿಸಿದ್ದು ಮಿಕ್ಸಿಯ ಜಾರು. ಬಂದದ್ದು ಬರೀ ಮುಚ್ಚಳ. ಅದೂ ಬೇರೆ ಮಿಕ್ಸಿಯದ್ದು.

"ಇವಳ ಮಾತು ಮುಗಿಯುವುದರೊಳಗೆ ನನ್ನ ಚಪ್ಪರ ಮುಗೀತದೆ. ನೀವು ಬೇಕಾದರೆ ಎರಡು ಒತ್ತಿ ನೋಡಿ, ಕನ್ನಡದಲ್ಲಿ ಮುಖ್ಯ ಅಂತಾಳೆ."

ಜೀವಮಾನವಿಡೀ ಮಕ್ಕಳನ್ನು ಬೈದು, ಅದೇ ಮಕ್ಕಳು ದೊಡ್ಡವರಾಗಿ ದಾರಿಯಲ್ಲಿ ಸಿಕ್ಕಿ ಕಾಲಿಗೆ ಬೀಳುವುದನ್ನು ಕಂಡವರು ಅವರು. ಬೈಗುಳದ ಶಾಸ್ತ್ರ ಅವರಿಗೆ ಚೆನ್ನಾಗಿ ಗೊತ್ತು. ಎದುರಿಗೊಬ್ಬ ತಲೆ ತಗ್ಗಿಸಬೇಕು, ಇಲ್ಲವೇ ತಿರುಗಿ ಮಾತಾಡಬೇಕು. ಎರಡೂ ಇಲ್ಲದಿದ್ದರೆ ಬೈದದ್ದು ಬೈದವನ ಹೊಟ್ಟೆಯಲ್ಲೇ ಉಳಿದು ಬಿ.ಪಿ. ಆಗುತ್ತದೆ. ಮಣಿಪಾಲದ ಆಸ್ಪತ್ರೆಗೆ ಇಲ್ಲಿಂದ ದೂರವೇನಿಲ್ಲ, ಆದರೂ ಯಾಕೆ ಸುಮ್ಮನೆ?

ಹಿಂದೆ ಎಲ್ಲ ಚಂದ ಇತ್ತು ಎಂದು ನಾನು ಹೇಳುವವನಲ್ಲ. ಲ್ಯಾಂಡ್‌ಲೈನಿಗೆ ಅರ್ಜಿ ಹಾಕಿದವರು ಮಗಳ ಮದುವೆಯ ಹೊತ್ತಿಗೆ ಬಂದೀತೆಂದು ಕಾದು ಮೊಮ್ಮಗನ ನಾಮಕರಣಕ್ಕೆ ಪಡೆದದ್ದುಂಟು. ಮಳೆಗಾಲದ ಮೊದಲ ಗಾಳಿಗೆ ಸತ್ತ ಫೋನು ಆಟಿ ತಿಂಗಳು ಕಳೆದರೂ ಏಳುತ್ತಿರಲಿಲ್ಲ. ಆದರೆ ಲೈನ್‌ಮ್ಯಾನ್ ಅಂತ ಒಬ್ಬ ಮನುಷ್ಯ ಇದ್ದ. ಅವನ ಮನೆ ಎಲ್ಲಿ, ಹೆಂಡತಿಯ ತವರು ಕಾಪುವಿನ ಯಾವ ದಿಕ್ಕಿಗೆ, ಎಲ್ಲ ನಮಗೆ ಗೊತ್ತು. ಪೇಟೆಯಲ್ಲಿ ಸಿಕ್ಕಿದರೆ ನಾಲ್ಕು ಜನರ ಎದುರು ಬೈಯಬಹುದಿತ್ತು. ಬೈಸಿಕೊಂಡವನು ಎರಡು ದಿನ ಬಿಟ್ಟು ಬಂದು ಕಂಬ ಹತ್ತುತ್ತಿದ್ದ. ಇಳಿದ ಮೇಲೆ ಪುನರ್ಪುಳಿ ಶರಬತ್ತು, ಹೋಗುವಾಗ ಸೈಕಲ್ಲಿನ ಹಿಂದೆ ಒಂದು ಹಲಸಿನ ಹಣ್ಣು. ಜಗಳಕ್ಕೂ ಒಂದು ಮುಕ್ತಾಯ ಇರುತ್ತಿತ್ತು. ಈಗ ದೂರಿಗೆ ಹನ್ನೆರಡು ಅಂಕಿಯ ನಂಬರು ಕೊಡುತ್ತಾರೆ. ಮರುದಿನ, ನಿಮ್ಮ ಸಮಸ್ಯೆ ಪರಿಹಾರವಾಗಿದೆ, ನಮ್ಮ ಸೇವೆಗೆ ಎಷ್ಟು ನಕ್ಷತ್ರ ಎಂದು ಮೆಸೇಜು ಬರುತ್ತದೆ. ಆ ಮೆಸೇಜು ತೆರೆಯಬೇಕಾದರೆ ಇಂಟರ್‌ನೆಟ್ ಬೇಕು. ಸಮಸ್ಯೆ ಇದ್ದದ್ದೇ ಇಂಟರ್‌ನೆಟ್ಟಿನದು.

ಬ್ಯಾಂಕಿನ ವಿಷಯ ತೆಗೆದರೆ ಮಾಷ್ಟ್ರು ಹಗ್ಗ ಕೆಳಗಿಟ್ಟರು ಎಂದೇ ಅರ್ಥ. ಯಾಕೆಂದರೆ ಉಡುಪಿಯವರಿಗೆ ಬ್ಯಾಂಕು ಪಾಠ ಹೇಳಲು ಬರುವವನು ಸ್ವಲ್ಪ ಯೋಚಿಸಿ ಬರಬೇಕು. 1906ರಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಇಲ್ಲಿ ಕಾರ್ಪೊರೇಶನ್ ಬ್ಯಾಂಕ್ ಕಟ್ಟಿದಾಗ ಮೊದಲ ದಿನ ಸೇರಿದ ಹಣ 38 ರೂಪಾಯಿ 13 ಆಣೆ 2 ಪೈ. ಆ 2 ಪೈಯನ್ನೂ ಯಾರೋ ಒಬ್ಬ ಗುಮಾಸ್ತ ಎಣಿಸಿ ಬರೆದಿಟ್ಟಿದ್ದಾನೆ, ನೋಡಿ. 1925ರಲ್ಲಿ ಡಾ. ಟಿ.ಎಂ.ಎ. ಪೈ, ಉಪೇಂದ್ರ ಪೈ ಮತ್ತು ವಾಮನ ಕುಡ್ವರು ಸೇರಿ ಹುಟ್ಟಿಸಿದ್ದು ಕೆನರಾ ಇಂಡಸ್ಟ್ರಿಯಲ್ ಎಂಡ್ ಬ್ಯಾಂಕಿಂಗ್ ಸಿಂಡಿಕೇಟ್, ಮುಂದೆ ಸಿಂಡಿಕೇಟ್ ಬ್ಯಾಂಕ್. ಬಂಡವಾಳ 8,000 ರೂಪಾಯಿ. 1928ರಲ್ಲಿ ಅವರು ಪಿಗ್ಮಿ ಠೇವಣಿ ಶುರು ಮಾಡಿದರು: ದಿನಕ್ಕೆ ಎರಡಾಣೆ ಇದ್ದರೂ ಸಾಕು, ಏಜೆಂಟ್ ಮನೆ ಬಾಗಿಲಿಗೇ ಬಂದು ತೆಗೆದುಕೊಂಡು ಹೋಗುತ್ತಾನೆ. ಮನೆ ಬಾಗಿಲಿಗೆ ಬ್ಯಾಂಕಿಂಗ್ ಎಂದು ಈಗ ಬಣ್ಣದ ಜಾಹೀರಾತು ಹಾಕುತ್ತಾರಲ್ಲ, ಅದನ್ನು ನಮ್ಮವರು ನೂರು ವರ್ಷದ ಹತ್ತಿರ ಹಿಂದೆಯೇ ಕಾಲ್ನಡಿಗೆಯಲ್ಲಿ ಮಾಡಿದ್ದಾರೆ.

ಪಿಗ್ಮಿಯವನೆಂದರೆ ಬರೀ ಹಣ ಕೊಂಡುಹೋಗುವವನಲ್ಲ. ಯಾವ ಮನೆಯ ಹುಡುಗನಿಗೆ ಬೊಂಬಾಯಿಯಲ್ಲಿ ಹೋಟೆಲ್ ಕೆಲಸ ಆಯಿತು, ಯಾರ ದನ ಕರು ಹಾಕಿತು, ಎಲ್ಲಿ ಹುಡುಗಿ ಉಂಟು, ಎಲ್ಲ ಅವನ ಚೀಲದಲ್ಲೇ. ಒಂದು ದಿನ ಚಿಲ್ಲರೆ ಇಲ್ಲ ಎಂದರೆ "ನಾಳೆ ಎರಡೂ ಸೇರಿಸಿ ಕೊಡಿ ಅಮ್ಮ" ಎನ್ನುವನು. ಸೆಶನ್ ಎಕ್ಸ್‌ಪೈರ್ಡ್ ಎಂದು ಬಾಗಿಲು ಹಾಕಿದವನಲ್ಲ.

2020ರ ಏಪ್ರಿಲ್ 1ರಂದು ಒಂದೇ ದಿನ ಸಿಂಡಿಕೇಟ್ ಕೆನರಾ ಬ್ಯಾಂಕಿಗೂ ಕಾರ್ಪೊರೇಶನ್ ಯೂನಿಯನ್ ಬ್ಯಾಂಕಿಗೂ ಸೇರಿಹೋದವು. ಲೆಕ್ಕ ಸರಿ ಇರಬಹುದು, ಅದು ದಿಲ್ಲಿಯವರ ಲೆಕ್ಕ. 2021ರ ಜುಲೈ 1ರಿಂದ ಹಳೆಯ ಸಿಂಡಿಕೇಟ್ ಶಾಖೆಗಳ ಐಎಫ್‌ಎಸ್‌ಸಿ ಕೋಡೂ ನಿಂತಿತು. ಕೋಡು ಬದಲಾದರೆ ಅದಕ್ಕೆ ಜೋಡಿಸಿದ್ದೆಲ್ಲ ಬದಲಾಗಬೇಕು. ಬದಲಾಯಿಸುವ ಕೆಲಸ ಯಾರದು? ನಮ್ಮದು.

ನನ್ನ ತಕರಾರು ಇರುವುದು ಇಲ್ಲೇ. ಯಂತ್ರ ಬಂದು ಕೆಲಸ ಕಡಿಮೆ ಮಾಡಿತು ಎನ್ನುತ್ತಾರೆ. ಕಡಿಮೆಯಾದದ್ದು ಅವರಿಗೆ. ಈಗ ಚಲನ್ ತುಂಬಿಸುವ ಗುಮಾಸ್ತ ನಾನೇ, ಸಹಿ ಹೋಲಿಸುವ ಅಧಿಕಾರಿ ನಾನೇ, ಬಾಗಿಲಲ್ಲಿ ಕೋವಿ ಹಿಡಿದು ಕೂತ ಕಾವಲುಗಾರನೂ ನಾನೇ: ಓಟಿಪಿ ಯಾರಿಗೂ ಹೇಳಬೇಡಿ, ಲಿಂಕ್ ಒತ್ತಬೇಡಿ, ಹೋದರೆ ನಿಮ್ಮದೇ ಹೊಣೆ. ಇಷ್ಟು ಹುದ್ದೆ ಒಟ್ಟಿಗೆ ನಿಭಾಯಿಸಿದರೂ ಸಂಬಳವಿಲ್ಲ. ಎಸ್ಸೆಮ್ಮೆಸ್ ಕಳಿಸಿದ್ದಕ್ಕೆ ಮೂರು ತಿಂಗಳಿಗೊಮ್ಮೆ ನನ್ನ ಖಾತೆಯಿಂದಲೇ ಇಷ್ಟು ಅಂತ ಕತ್ತರಿಸುತ್ತಾರೆ. ಯಾವ ಬ್ಯಾಂಕ್ ಎಂದು ಕೇಳಬೇಡಿ, ಹೇಳುವುದಿಲ್ಲ.

"ಯುಪಿಐಗೆ ಎಂತ ಹೇಳ್ತೀರಿ ಹಾಗಾದರೆ?" ಎಂದರು ಮಾಷ್ಟ್ರು, ಪರೀಕ್ಷೆಯ ಪ್ರಶ್ನೆ ಕೇಳುವ ಹಾಗೆ.

ಅದಕ್ಕೆ ಎರಡು ಮಾತಿಲ್ಲ. 2016ರಲ್ಲಿ ಬಂದದ್ದು, ಚಿಲ್ಲರೆಯ ಕಾಟ ತಪ್ಪಿಸಿತು. ಮೀನು ಮಾರ್ಕೆಟ್ಟಿನಲ್ಲಿ ಬಂಗುಡೆಯ ಬುಟ್ಟಿಗೇ ಕ್ಯೂಆರ್ ಚೀಟಿ ಅಂಟಿಸಿದ್ದಾರೆ, ಅದರ ಮೇಲೆ ಒಂದೆರಡು ಹುರುಪೆ. ಆದರೆ ಹಣ ಇಲ್ಲಿಂದ ಹೊರಟು ಅಲ್ಲಿ ಮುಟ್ಟದೆ ನಡುವೆ ಎಲ್ಲೋ ತಿರುಗುತ್ತ ಇರುತ್ತದಲ್ಲ, ಆಗ ನೋಡಿ. ರಿಸರ್ವ್ ಬ್ಯಾಂಕಿನ 2019ರ ಸುತ್ತೋಲೆ ಪ್ರಕಾರ ಅಂಗಡಿಗೆ ಕೊಟ್ಟ ಹಣ ಹೀಗೆ ಸಿಕ್ಕಿಹಾಕಿಕೊಂಡರೆ ಐದು ದಿನದೊಳಗೆ ತಾನಾಗಿ ಹಿಂದೆ ಬರಬೇಕು. ಮತ್ತೆ ತಡವಾದ ಪ್ರತಿ ದಿನಕ್ಕೂ 100 ರೂಪಾಯಿ ಪರಿಹಾರ ಕೊಡಬೇಕು. ಒಳ್ಳೆಯ ನಿಯಮ, ತಿಳಿದಿಟ್ಟುಕೊಳ್ಳಿ. ಮೀನಿನ ಅಕ್ಕನಿಗೆ ಅದರ ಸುದ್ದಿಯೇ ಬೇಡ. "ತೆಕ್ಕೊಂಡು ಹೋಗಿ, ನಾಳೆ ಕೊಟ್ರೆ ಆಯ್ತು" ಎಂದು ಲಕೋಟೆ ಕಟ್ಟಿ ಕೈಗೆ ಕೊಡುತ್ತಾಳೆ. ಅಷ್ಟು ದೊಡ್ಡ ವ್ಯವಸ್ಥೆಯಲ್ಲಿ ಸಾಲ ಕೊಡುವ ಧೈರ್ಯ ಇದ್ದದ್ದು ಅವಳೊಬ್ಬಳಿಗೇ.

ಪಿನ್‌ಕೋಡಿನ ಕಥೆ ಬೇರೆ. ಉಡುಪಿ 576101, ಮಣಿಪಾಲ 576104. ಇವೆರಡಕ್ಕೆ ತೊಂದರೆ ಇಲ್ಲ. ಕಾಪು 574106, ಕಾರ್ಕಳ 574104. ಈ 574 ಎಂಬುದು ಪುತ್ತೂರು, ಬಂಟ್ವಾಳ, ಮೂಡುಬಿದಿರೆಗೂ ಉಂಟು. ಹಾಗಾಗಿ ಕೆಲವು ಅರ್ಜಿಗಳಲ್ಲಿ ಕಾರ್ಕಳದ ಪಿನ್ ಹೊಡೆದ ಕೂಡಲೇ ಜಿಲ್ಲೆಯ ಜಾಗದಲ್ಲಿ ದಕ್ಷಿಣ ಕನ್ನಡ ತಾನಾಗಿಯೇ ಬಂದು ಕೂರುತ್ತದೆ, ಎಬ್ಬಿಸಿದರೆ ಏಳುವುದಿಲ್ಲ. ಉಡುಪಿ ಜಿಲ್ಲೆ ಬೇರೆಯಾದದ್ದು 1997ರ ಆಗಸ್ಟ್ 25ಕ್ಕೆ. ಆ ದಿನ ಹುಟ್ಟಿದ ಮಕ್ಕಳಿಗೆ ಮದುವೆಯಾಯಿತು, ಕಂಪ್ಯೂಟರಿಗೆ ಇನ್ನೂ ಕಾಗದ ಮುಟ್ಟಿಲ್ಲ. ಕಾಪು ತಾಲೂಕಾದದ್ದು 2018ರಲ್ಲಿ. ಅದನ್ನು ಪಟ್ಟಿಯಲ್ಲಿ ಹುಡುಕುವವರು ಇಂಗ್ಲಿಷಿನಲ್ಲಿ ಹಳೆಯ ಕಾಲದ ಕಾಗುಣಿತದಲ್ಲೂ ಒಮ್ಮೆ ಹುಡುಕಬೇಕು, ಅಲ್ಲೂ ಇಲ್ಲದಿದ್ದರೆ ಇತರೆ ಎಂದು ಒತ್ತಬೇಕು. 1901ರಿಂದ ದೀಪಸ್ತಂಭ ನಿಲ್ಲಿಸಿಕೊಂಡು ಕಡಲಿನವರಿಗೆಲ್ಲ ದಾರಿ ತೋರಿಸಿದ ಊರು ಈಗ ಇತರೆ.

ಸಾಮಾನು ತರುವ ಹುಡುಗರದ್ದು ಇನ್ನೊಂದು ಪಾಡು. ನಮ್ಮಲ್ಲಿ ರಸ್ತೆಗೆ ನಂಬರಿಲ್ಲ, ಮನೆಗೆ ಹೆಸರುಂಟು. ದೈವಸ್ಥಾನ ದಾಟಿ ಎಡಕ್ಕೆ, ಗದ್ದೆಯ ಬದುವಿನಲ್ಲಿ ಸೀದಾ, ನಾಯಿ ಉಂಟು ಕಚ್ಚುವುದಿಲ್ಲ. 2025ರ ಮೇ ತಿಂಗಳಲ್ಲಿ ಅಂಚೆ ಇಲಾಖೆ ಡಿಜಿಪಿನ್ ಎಂದು ತಂದಿದೆ. ದೇಶವನ್ನೆಲ್ಲ ಸುಮಾರು ನಾಲ್ಕು ಮೀಟರಿನ ಚೌಕಗಳಾಗಿ ಮಾಡಿ ಪ್ರತಿಯೊಂದಕ್ಕೂ ಹತ್ತು ಅಕ್ಷರ-ಅಂಕಿಯ ಗುರುತು. ನಮ್ಮ ಬಾವಿಗೊಂದು, ಹಟ್ಟಿಗೊಂದು, ತುಳಸಿಕಟ್ಟೆಗೊಂದು. ನನಗದು ಇಷ್ಟವಾಯಿತು. ಆದರೆ ಆ ಹತ್ತನ್ನೂ ಫೋನಿನಲ್ಲಿ ಹೇಳಿ ಮುಗಿಸಿದ ಮೇಲೆ ಹುಡುಗ ಕೇಳುವುದು ಒಂದೇ: "ದೈವಸ್ಥಾನದಿಂದ ಎಡಕ್ಕಾ ಬಲಕ್ಕಾ?"

ಒಂದು ವಿಷಯದಲ್ಲಿ ಮಾತ್ರ ನಗು ಬರುವುದಿಲ್ಲ. ಕಾರ್ಕಳದ ಕಡೆ ಗೇರುಬೀಜದ ಕಾರ್ಖಾನೆಗಳಿವೆ. ಅಲ್ಲಿ ಕೆಲಸ ಮಾಡುವ ಹೆಂಗಸರ ಬೆರಳುಗಳನ್ನು ನೋಡಿ. ಗೇರುಬೀಜದ ಸಿಪ್ಪೆಯ ಎಣ್ಣೆ ಚರ್ಮವನ್ನೇ ಸುಡುತ್ತದೆ. ವರ್ಷಗಟ್ಟಲೆ ಅದರಲ್ಲೇ ಕೈಯಾಡಿಸಿದವರ ಬೆರಳಿನ ಗೆರೆ ಮಾಸಿರುತ್ತದೆ. ಬೀಡಿ ಕಟ್ಟಿ ಕಟ್ಟಿ ಸವೆದ ಬೆರಳುಗಳೂ ಹಾಗೆಯೇ. ರೇಷನ್ ಅಂಗಡಿಯ ಯಂತ್ರ ಕೆಂಪು ದೀಪ ತೋರಿಸುತ್ತದೆ. ಹತ್ತು ಬೆರಳನ್ನೂ ಒಂದೊಂದಾಗಿ ಇಟ್ಟು, ಸೆರಗಿನಿಂದ ಒರೆಸಿ, ಮತ್ತೆ ಇಟ್ಟು, ಹಿಂದಿನ ಸಾಲಿನವರ ಮುಖ ನೋಡುತ್ತ ನಿಲ್ಲಬೇಕು. 2023ರ ಆಗಸ್ಟ್ 30ರಂದು ಗೃಹಲಕ್ಷ್ಮಿ ಯೋಜನೆ ಶುರುವಾಗಿ ತಿಂಗಳಿಗೆ 2,000 ರೂಪಾಯಿ ಎಂದಾಗ ಇವರಲ್ಲಿ ಎಷ್ಟೋ ಜನಕ್ಕೆ ಮೊದಲ ಹೆದರಿಕೆ ಈ ಬೆರಳಿನದ್ದೇ ಆಗಿತ್ತು. ಜೀವಮಾನ ದುಡಿದ ಗುರುತು ಬೆರಳಲ್ಲಿದೆ, ಆ ಕಾರಣಕ್ಕೇ ಯಂತ್ರಕ್ಕೆ ಗುರುತಿಲ್ಲ. ಇದನ್ನು ಯೋಚಿಸಿದವನು ಎಲ್ಲೋ ತಣ್ಣಗಿನ ಕೋಣೆಯಲ್ಲಿ ಕೂತ ಮೆತ್ತಗಿನ ಬೆರಳಿನವನೇ ಇರಬೇಕು.

ಮಾಷ್ಟ್ರಿಗೂ ನವೆಂಬರ್ ಎಂದರೆ ಸ್ವಲ್ಪ ಅಂಜಿಕೆ. ಬದುಕಿದ್ದೇನೆ ಎಂದು ಪೆನ್ಶನಿನವರಿಗೆ ತೋರಿಸುವ ತಿಂಗಳು. 2014ರಲ್ಲಿ ಜೀವನ್ ಪ್ರಮಾಣ್ ಬಂದ ಮೇಲೆ ಮನೆಯಲ್ಲೇ ಕೂತು ಮಾಡಬಹುದು, ಈಗ ಮೊಬೈಲಿಗೆ ಮುಖ ತೋರಿಸಿದರೂ ಸಾಕು. ನಡೆಯಲಾಗದವರಿಗೆ ನಿಜವಾಗಿ ಉಪಕಾರ. ಆದರೆ ಅದು ಕಣ್ಣು ಮಿಟುಕಿಸಿ ಎನ್ನುತ್ತದೆ. ಇವರು ಮಿಟುಕಿಸಿದರು. ಮತ್ತೆ ಮಿಟುಕಿಸಿ. ಮಿಟುಕಿಸಿದರು. ಕಂಪೌಂಡಿನ ಈಚೆ ಬಟ್ಟೆ ಒಣಹಾಕುತ್ತಿದ್ದ ನಮ್ಮ ಅತ್ತೆ ಸೆರಗು ಎಳೆದುಕೊಂಡು ಒಳಗೆ ಬಂದು, "ಮಾಷ್ಟ್ರಿಗೆ ಈ ಪ್ರಾಯದಲ್ಲಿ ಎಂತ ಆಯ್ತು?" ಎಂದು ಕೇಳಿದರು.

ಅತ್ತೆಯವರಿಗೆ ಅವರದೇ ಒಂದು ಸಂಕಟ ಉಂಟು. ರಾತ್ರಿಯಿಡೀ ಯಕ್ಷಗಾನ ಬಯಲಾಟಕ್ಕೆ ಕೂರಲು ಮೊಣಕಾಲು ಬಿಡುವುದಿಲ್ಲ, ಹಾಗಾಗಿ ಯೂಟ್ಯೂಬಿನಲ್ಲಿ ನೋಡುತ್ತಾರೆ. ದೇವಿ ಮಹಾತ್ಮೆ. ಚೆಂಡೆ ಏರುತ್ತಿದೆ, ದೊಂದಿಯ ಬೆಳಕಿನಲ್ಲಿ ಮಹಿಷಾಸುರ ಜನರ ನಡುವಿನಿಂದ ಅಬ್ಬರಿಸುತ್ತ ಬಂದ, ಇನ್ನೇನು ರಂಗಸ್ಥಳ ಹತ್ತಬೇಕು, ಅಷ್ಟರಲ್ಲಿ ಒಬ್ಬ ಹುಡುಗ ಹಲ್ಲು ಕಿಸಿದು ಚಿನ್ನದ ಮೇಲೆ ಸಾಲ ಬೇಕೇ ಎಂದು ಕೇಳುತ್ತಾನೆ. ಮುಗಿದು ವಾಪಸು ಬಂದರೆ ಮಹಿಷಾಸುರ ಸಿಂಹಾಸನದಲ್ಲಿ ಕೂತು ಮಾತು ಶುರು ಮಾಡಿಯಾಗಿದೆ. ಆಟದಲ್ಲಿ ಮೊದಲೂ ಜಾಹೀರಾತು ಇರಲಿಲ್ಲವೆಂದಲ್ಲ. ಬಟ್ಟೆ ಅಂಗಡಿಯವರ ಬೋರ್ಡು ಇರುತ್ತಿತ್ತು, ದಾನಿಗಳ ಹೆಸರು ಮೈಕಿನಲ್ಲಿ ಓದುತ್ತಿದ್ದರು. ಆದರೆ ಮೈಕಿನವನಿಗೆ ಎಲ್ಲಿ ಬಾಯಿ ಮುಚ್ಚಬೇಕೆಂದು ಗೊತ್ತಿತ್ತು. ತಪ್ಪಿದರೆ ಭಾಗವತರು ತಿರುಗಿ ಒಂದು ನೋಟ ನೋಡುತ್ತಿದ್ದರು, ಸಾಕು.

"ಕಾನೂನು ಇಲ್ವಾ ಇದಕ್ಕೆಲ್ಲ?" ಮಾಷ್ಟ್ರು ಮತ್ತೆ ಮುಚ್ಚಳಕ್ಕೆ ಬಂದರು.

ಉಂಟು. 2023ರ ನವೆಂಬರ್ 30ರಂದು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 13 ಬಗೆಯ ಮೋಸದ ವಿನ್ಯಾಸಗಳನ್ನು ಹೆಸರಿಸಿ ನಿಷೇಧಿಸಿದೆ: ಎರಡೇ ಉಳಿದಿದೆ ಎಂದು ಸುಳ್ಳು ಅವಸರ ಹುಟ್ಟಿಸುವುದು, ಕೇಳದೆ ಬುಟ್ಟಿಗೆ ಒಂದು ಸೇರಿಸುವುದು, ಚಂದಾ ಸೇರುವುದು ಸುಲಭ ಮಾಡಿ ಬಿಡುವುದನ್ನು ಅಡಗಿಸಿಡುವುದು, ಹೀಗೆ. ಸಹಾಯವಾಣಿ 1915 ಉಂಟು. ಅದಕ್ಕಿಂತ ಮುಖ್ಯ, 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಆನ್‌ಲೈನ್ ಮಾರುವವರು ಕುಂದುಕೊರತೆ ಅಧಿಕಾರಿ ಎಂದು ಒಬ್ಬರನ್ನು ನೇಮಿಸಿ, ಅವರ ಹೆಸರು, ಹುದ್ದೆ, ಸಂಪರ್ಕ ಪ್ರಕಟಿಸಲೇಬೇಕು. ಅವರು 48 ಗಂಟೆಯೊಳಗೆ ದೂರು ಮುಟ್ಟಿತು ಎನ್ನಬೇಕು, ತಿಂಗಳೊಳಗೆ ಪರಿಹರಿಸಬೇಕು.

"ಹೆಸರು ಅಂದ್ರೆ? ಮನುಷ್ಯರ ಹೆಸರಾ?"

"ಮನುಷ್ಯರದ್ದೇ."

ಮಾಷ್ಟ್ರು ಸ್ಪೀಕರಿನಲ್ಲಿದ್ದವಳನ್ನು ಅರ್ಧ ಮಾತಿಗೇ ನಿಲ್ಲಿಸಿ, ಬೆರಳಿನಿಂದ ಪುಟವನ್ನು ಕೆಳಗೆ, ಇನ್ನೂ ಕೆಳಗೆ ತಳ್ಳುತ್ತ ಹೋದರು. ಇರುವೆಯಷ್ಟು ಸಣ್ಣ ಅಕ್ಷರದಲ್ಲಿ ನಿಜವಾಗಿಯೂ ಒಂದು ಹೆಸರು ಸಿಕ್ಕಿತು. ಹೆಸರಿನ ಕೆಳಗೆ ವಿಳಾಸ. ಅವರ ಮುಖದಲ್ಲಿ ಹಳೆಯ ಕಳೆ ಬಂತು, ಹಾಜರಿ ಪುಸ್ತಕ ತೆರೆದವರ ಹಾಗೆ.

"ಇಮೇಲ್ ಬೇಡ. ನಾನು ಕಾಗದವೇ ಬರೀತೇನೆ. ರಿಜಿಸ್ಟರ್ಡ್ ಪೋಸ್ಟಿನಲ್ಲಿ."

ರಿಜಿಸ್ಟರ್ಡ್ ಪೋಸ್ಟ್ 2025ರಲ್ಲೇ ಸ್ಪೀಡ್ ಪೋಸ್ಟಿಗೆ ಸೇರಿಹೋಗಿದೆ ಎಂದೆ. ಬ್ಯಾಂಕುಗಳ ಹಾಗೆ ಅದೂ ಹೋಯಿತಾ ಎಂದು ಸ್ವಲ್ಪ ಕುಗ್ಗಿದರು. ಈಗ ಅದರಲ್ಲಿ ಓಟಿಪಿ ಸೌಲಭ್ಯ ಉಂಟು ಮಾಷ್ಟ್ರೇ, ಬೇಕಾದವರು ಹಾಕಿಸಬಹುದು, ಪಡೆಯುವವರು ಓಟಿಪಿ ಹೇಳಿದರೆ ಮಾತ್ರ ಅಂಚೆಯವನು ಲಕೋಟೆ ಕೊಡುವುದು ಎಂದೆ.

"ಅಂದ್ರೆ, ನಾನು ಬೈದದ್ದನ್ನು ತೆಕ್ಕೊಳ್ಳಲಿಕ್ಕೆ ಅವನು ಓಟಿಪಿ ಹೇಳ್ಬೇಕಾ?"

"ಹೇಳ್ಬೇಕು."

"ಬಾರದಿದ್ರೆ ಕಾಯ್ಬೇಕಾ?"

"ಕಾಯ್ಬೇಕು."

"ಎಷ್ಟು ಅದಕ್ಕೆ?"

"ಐದು ರೂಪಾಯಿ ಜಾಸ್ತಿ. ಜಿಎಸ್‌ಟಿ ಬೇರೆ."

"ಕೊಡುವ ಮಾರಾಯ್ರೆ," ಎಂದವರೇ ಹಗ್ಗವನ್ನು ಚಪ್ಪರದ ಮೇಲೆ ಎಸೆದು, ಪೆನ್ನು ಹುಡುಕಲು ಒಳಗೆ ಹೋದರು.