ಪಂಪ್ ಸ್ಟೋವಿನ ಬಂಧುಜ್ಞಾನ: ಒಂದು ಬಹುಶಿಸ್ತೀಯ ಅನುಸಂಧಾನ

ಪ್ರಸ್ತುತ ಪ್ರಬಂಧವು ಅಡುಗೆಮನೆಯೆಂಬ ಪಠ್ಯವನ್ನು ಸ್ಟೋವ್‌ಕೇಂದ್ರಿತ ನೆಲೆಯಿಂದ ಮುರಿದು ಕಟ್ಟುವ ವಿನಮ್ರ ಪ್ರಯತ್ನ. ಸ್ವೀಡನ್ನಿನ ಲಿಂಡ್‌ಕ್ವಿಸ್ಟ್ ಎಂಬಾತ 1892ರಲ್ಲಿ ಬತ್ತಿಯಿಲ್ಲದ ಸೀಮೆಎಣ್ಣೆ ಸ್ಟೋವ್ ಮಾಡಿದಾಗ ಅದಕ್ಕಿದ್ದದ್ದು ಒಂದು ಹಿತ್ತಾಳೆ ಟ್ಯಾಂಕು, ಒಂದು ಪಂಪು, ಒಂದು ಬರ್ನರ್. ಧ್ರುವಪ್ರದೇಶಕ್ಕೆ ಹೋದವರು, ಹಿಮಾಲಯ ಹತ್ತಿದವರು ಅದನ್ನು ಹೊತ್ತೊಯ್ದು ಚಹಾ ಕಾಸಿಕೊಂಡರು. ನೆಂಟಸ್ತಿಕೆ ಗುರುತಿಸುವ ಬುದ್ಧಿ ಅದಕ್ಕೆ ಅಲ್ಲೆಲ್ಲೂ ಬರಲಿಲ್ಲ. ಬಂದದ್ದು ನಮ್ಮಲ್ಲಿ. ಈ ಪ್ರಕ್ರಿಯೆಯನ್ನು ಸಾಂಸ್ಕೃತಿಕ ದೇಸೀಕರಣವೆಂದು ಕರೆಯಲಾಗಿದೆ (ಕರೆದವನು ನಾನೇ).

ಬಂಧುಜ್ಞಾನದ ಲಕ್ಷಣಗಳು ಹೀಗಿವೆ. ಅತ್ತೆ ವರ್ಷಗಟ್ಟಲೆ ಅದೇ ಸ್ಟೋವಿಗೆ ಪಿನ್ ಹಾಕಿ, ವಾಷರ್ ಬದಲಿಸಿ, ಗಾಳಿ ಹೊಡೆದರೂ ಅದು ಸಿಡಿಯುವುದಿಲ್ಲ. ನಾದಿನಿ ಕಾಫಿ ಕಾಸಿದರೂ ಇಲ್ಲ. ಮನೆಯ ಗಂಡಸರು ಹೊತ್ತಿಸಿದಾಗ ಅದರ ವರ್ತನೆ ಹೇಗಿರುತ್ತದೆ ಎಂಬುದಕ್ಕೆ, ಅವರು ಹೊತ್ತಿಸುವುದಿಲ್ಲವಾದ್ದರಿಂದ, ದತ್ತಾಂಶ ಲಭ್ಯವಿಲ್ಲ. ಸೊಸೆಯ ಬಳೆಯ ಸದ್ದು ಕೇಳಿದರೆ ಮಾತ್ರ ಅದಕ್ಕೆ ರೋಷ ಉಕ್ಕುತ್ತದೆ. ಅದೂ ಎಲ್ಲ ಸೊಸೆಯರ ಮೇಲಲ್ಲ. ಬೀಗರು ಒಪ್ಪಿಕೊಂಡ ಬೈಕು ಬಂತೇ, ಬಂಗಾರ ಮಾತಿನಷ್ಟೇ ತೂಗಿತೇ ಎಂಬ ಲೆಕ್ಕವನ್ನೂ ಅದು ಇಟ್ಟುಕೊಂಡಿರುತ್ತದೆ. “ನಾವಾಗಿ ಏನೂ ಕೇಳಿಲ್ಲ, ನಿಮ್ಮ ಮಗಳಿಗೆ ನೀವು ಕೊಡೋದು ನಿಮ್ಮಿಷ್ಟ” ಎಂದು ನಡುಮನೆಯಲ್ಲಿ ಆಡಿದ ಮಾತು ಅಡುಗೆಮನೆಯ ಸ್ಟೋವಿಗೆ ಹೇಗೆ ಕೇಳಿಸಿತು ಎಂಬುದು ಭೌತಶಾಸ್ತ್ರಕ್ಕೆ ಸೇರಿದ್ದು.

ಸ್ಟೋವುಗಳಲ್ಲಿ ಐದು ವಿಧ. (ಅ) ಸದ್ಯಃಸ್ಫೋಟಿ: ಮೊದಲ ದೀಪಾವಳಿಗೆ ಅಳಿಯನ ಬೆರಳಿಗೆ ಉಂಗುರ ಬೀಳದಿದ್ದರೆ ಸಿಡಿಯುವಂಥದು. (ಆ) ವಿಳಂಬಸ್ಫೋಟಿ: ಇದು ಕಾನೂನು ಓದಿಕೊಂಡಿದೆ. ವರದಕ್ಷಿಣೆ ನಿಷೇಧವಾದದ್ದು 1961ರಲ್ಲಿ. ಅದಕ್ಕೆ ಸ್ಟೋವು ತಲೆ ಕೆಡಿಸಿಕೊಂಡಿರಲಿಲ್ಲ. 1986ರಲ್ಲಿ ದಂಡಸಂಹಿತೆಗೆ 304ಬಿ ಕಲಂ ಸೇರಿ, ಮದುವೆಯಾದ ಏಳು ವರ್ಷದೊಳಗೆ ವರದಕ್ಷಿಣೆ ಕಿರುಕುಳದ ಬೆನ್ನಿಗೇ ಬಂದ ಅಸಹಜ ಸಾವಿಗೆ ಗಂಡನ ಮನೆಯವರು ಉತ್ತರ ಹೇಳಬೇಕೆಂದಾಯಿತು. (ಈಗ ಅದು ಭಾರತೀಯ ನ್ಯಾಯ ಸಂಹಿತೆಯ 80ನೇ ಕಲಂ.) ಅಂದಿನಿಂದ ಈ ಜಾತಿಯ ಸ್ಟೋವು ಎಂಟನೆಯ ವರ್ಷದವರೆಗೆ ಸಂಯಮದಿಂದ ಕಾಯುತ್ತದೆ. (ಇ) ಪುತ್ರಕಾಮಿ: ಎರಡನೆಯದೂ ಹೆಣ್ಣಾದರೆ. (ಈ)

ಇರಲಿ. ಈ ಭಾಷೆ ನಾನು ಕಲಿತದ್ದು ಮಹಿಳಾ ದಿನಾಚರಣೆಯ ವಿಚಾರ ಸಂಕಿರಣಗಳಲ್ಲಿ. ವೇದಿಕೆ ತುಂಬ ಗಂಡಸರು. ಪ್ರಾರ್ಥನೆ ಹಾಡುವುದಕ್ಕೆ, ಹೂಗುಚ್ಛ ಕೊಡುವುದಕ್ಕೆ ಹುಡುಗಿಯರು. ಉದ್ಘಾಟಕರು ಹೆಣ್ಣನ್ನು ಭೂಮಿ, ನದಿ, ಶಕ್ತಿ, ತಾಯಿ ಎಲ್ಲ ಮಾಡಿ ಮುಗಿಸುವಷ್ಟರಲ್ಲಿ ಊಟದ ಹೊತ್ತು. ‘ದೌರ್ಜನ್ಯದ ಸಂಕಥನ: ಬಹುಮುಖಿ ಪರಿಪ್ರೇಕ್ಷ್ಯಗಳು’ ಮಧ್ಯಾಹ್ನದ ಗೋಷ್ಠಿಗೆ, ಸಮಯದ ಅಭಾವದಿಂದ ಐದು ನಿಮಿಷ. ಅಷ್ಟರಲ್ಲೂ ಮಂಡಿಸಿದ ಮಹನೀಯರ ಬಾಯಿಂದ ಹೆಂಡತಿ, ಏಟು, ಸೀಮೆಎಣ್ಣೆ ಎಂಬ ಒಂದು ಪದವೂ ಹೊರಬೀಳಲಿಲ್ಲ.

ದತ್ತಾಂಶಕ್ಕೆ ಬರೋಣ. 2009ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆ ಪ್ರಕಟಿಸಿದ ಅಧ್ಯಯನದ ಅಂದಾಜಿನಂತೆ 2001ರ ಒಂದೇ ವರ್ಷ ಭಾರತದಲ್ಲಿ ಬೆಂಕಿಗೆ ಸತ್ತವರು 1,63,000ಕ್ಕೂ ಹೆಚ್ಚು. ಅವರಲ್ಲಿ ಸುಮಾರು 1,06,000 ಹೆಂಗಸರು. ಬಹುಪಾಲು 15ರಿಂದ 34ರ ಪ್ರಾಯದವರು. ಪೊಲೀಸರ ಕಡತದಲ್ಲಿದ್ದದ್ದು ಒಟ್ಟು ಸಾವುಗಳ ಆರನೇ ಒಂದು ಪಾಲು. ಬೆಂಗಳೂರಿನಲ್ಲಿ ‘ವಿಮೋಚನಾ’ ಸಂಘಟನೆಯ ಹೆಂಗಸರು 1990ರ ದಶಕದಲ್ಲಿ ಸುಟ್ಟಗಾಯದ ವಾರ್ಡು, ಠಾಣೆ ಅಲೆದು, ‘ಸ್ಟೋವ್ ಸಿಡಿತ’, ‘ಅಡುಗೆಮನೆ ಆಕಸ್ಮಿಕ’ ಎಂದು ಮುಚ್ಚಿಟ್ಟ ಕಡತಗಳನ್ನು ಕೆದಕದಿದ್ದರೆ ಸ್ಟೋವಿನ ಈ ಪ್ರತಿಭೆ ನಮ್ಮ ಗಮನಕ್ಕೇ ಬರುತ್ತಿರಲಿಲ್ಲ.

ಈಗ ಹಳ್ಳಿಗೂ ಗ್ಯಾಸ್ ಬಂದಿದೆ, ಪಂಪ್ ಸ್ಟೋವ್ ಅಟ್ಟ ಸೇರಿದೆ. ಆದರೂ ಅಪರಾಧ ದಾಖಲೆ ಬ್ಯೂರೋದ 2022ರ ಪಟ್ಟಿಯಲ್ಲಿ ವರದಕ್ಷಿಣೆ ಸಾವುಗಳು 6,000ಕ್ಕೂ ಹೆಚ್ಚು. ಸ್ಟೋವಿನ ಹೊಣೆಯನ್ನು ಹೊಟ್ಟೆನೋವು ವಹಿಸಿಕೊಂಡಿರಬೇಕು. ಜಿಲ್ಲಾ ಪುಟ ಓದುವವರಿಗೆ ಈ ಕಾಯಿಲೆ ಗೊತ್ತು: “ಹೊಟ್ಟೆನೋವು ತಾಳಲಾರದೆ ಗೃಹಿಣಿ ಬಾವಿಗೆ.” ತಾಳಿ ಕಟ್ಟಿದ ಮೇಲೆ ಶುರುವಾಗುತ್ತದೆ, ತವರಿಗೆ ಹೋಗಿ ಬರಿಗೈಲಿ ಬಂದರೆ ಉಲ್ಬಣಿಸುತ್ತದೆ, ಯಾವ ಡಾಕ್ಟರಿಗೂ ತೋರಿಸಿರುವುದಿಲ್ಲ. ಕೆಲವೊಮ್ಮೆ ಎರಡು ಮಕ್ಕಳಿಗೂ ಏಕಕಾಲದಲ್ಲಿ ಅಂಟಿ, ಮೂವರೂ ಒಂದೇ ಬಾವಿಯಲ್ಲಿ ಸಿಗುತ್ತಾರೆ.

ಇದರಲ್ಲಿ ನಗುವುದಕ್ಕೆ ಏನಿದೆ? ಮೈ ಮುಕ್ಕಾಲು ಸುಟ್ಟ ಹುಡುಗಿಯ ಹಾಸಿಗೆ ಪಕ್ಕ ತಹಸೀಲ್ದಾರರು ಮರಣಪೂರ್ವ ಹೇಳಿಕೆ ಬರೆದುಕೊಳ್ಳುತ್ತಾರೆ. ಬಾಗಿಲಾಚೆ ಗಂಡ, ಅವನ ಕಂಕುಳಲ್ಲಿ ಮಗು. ಔಷಧಿಯ ದುಡ್ಡು ಅವನ ಜೇಬಿನದು. ತಾನು ಹೋದ ಮೇಲೆ ಆ ಮಗು ಅದೇ ಮನೆಯಲ್ಲಿ, ಅದೇ ಜನರ ಕೈಯಲ್ಲಿ ಉಣ್ಣಬೇಕು. “ಸ್ಟೋವ್ ಸಿಡೀತು ಸಾರ್” ಅನ್ನುತ್ತಾಳೆ. ಹೆಬ್ಬೆಟ್ಟು ಸುಟ್ಟಿದ್ದರೆ ಕಾಲಿನ ಬೆರಳಿನ ಗುರುತು ಹಾಕಿಸಿಕೊಳ್ಳುತ್ತಾರೆ. ತವರಿನವರು ಬಂದು “ಸ್ವಲ್ಪ ಹೊಂದಿಕೊಂಡು ಹೋಗು ಅಂತ ನಾವೇ ವಾಪಸ್ ಕಳಿಸಿದ್ವಿ” ಎಂದು ಗೋಡೆಗೆ ತಲೆ ಚಚ್ಚಿಕೊಳ್ಳುತ್ತಾರೆ. ಹೌದು, ಅವರೇ ಕಳಿಸಿದ್ದು. ಬಸ್ಸು ಹತ್ತಿಸಿ, ಮಡಿಲಕ್ಕಿ ತುಂಬಿ ಕಳಿಸಿದ್ದು.

ಸಂಪ್ರದಾಯದಂತೆ ಮುಂದಿನ ಸಂಶೋಧನೆಯ ಸಾಧ್ಯತೆಗಳನ್ನು ಸೂಚಿಸಬೇಕು. ಸಿಡಿದ ಸ್ಟೋವಿನ ಟ್ಯಾಂಕು ಬಿರಿದಿರುತ್ತದೆ. ಅದರ ಮುಂದೆ ಕೂತವಳಿಗೆ ಕೈ, ಎದೆ, ತೊಡೆ ಸುಡುತ್ತವೆ. ನೆತ್ತಿಯಿಂದ ಬೆನ್ನಿನವರೆಗೆ ಸುಟ್ಟು, ಕೂದಲಲ್ಲಿ ಸೀಮೆಎಣ್ಣೆ ನಾರುತ್ತಿದ್ದರೆ ಎಣ್ಣೆ ಬೇರೆ ಕಡೆಯಿಂದ ಬಂದಿದೆ. ಆದ್ದರಿಂದ ಮಹಜರಿಗೆ ಹೋದವರು ನೋಡಬೇಕಾದದ್ದು: ಟ್ಯಾಂಕು ಇಡಿಯಾಗಿದೆಯೇ, ಬಾಗಿಲಿನ ಚಿಲಕ ಯಾವ ಕಡೆಯಿಂದ ಬಿದ್ದಿತ್ತು, ಕಿರುಚಾಟ ಪಕ್ಕದ ಮನೆಗೆ ಕೇಳಿ ಮನೆಯೊಳಗಿದ್ದವರಿಗೇಕೆ ಕೇಳಲಿಲ್ಲ, ಮತ್ತು ಪೊಲೀಸರು ಬರುವ ಮೊದಲೇ ಆ ಅಡುಗೆಮನೆಯನ್ನು ತೊಳೆದು ಸಾರಿಸಿದ್ದು ಯಾರು.