ಪಿತ್ರಾರ್ಜಿತ ಸೋಲು

1907ರ ಜೂನ್ ತಿಂಗಳಲ್ಲಿ ಇಂಗ್ಲೆಂಡಿನ ಗ್ಲಾಸ್ಟರ್ ಊರಿನಲ್ಲಿ ನಾರ್ಥಾಂಪ್ಟನ್‌ಷೈರ್ ಕ್ರಿಕೆಟ್ ತಂಡ 12 ರನ್ನಿಗೆ ಆಲೌಟಾಯಿತು. ಒಬ್ಬ ಬ್ಯಾಟ್ಸ್‌ಮನ್ ಅಲ್ಲ, ಹನ್ನೊಂದೂ ಜನ ಸೇರಿ. ಜಾರ್ಜ್ ಡೆನೆಟ್ ಎಂಬ ಎಡಗೈ ಸ್ಪಿನ್ನರ್ 9 ರನ್ ಕೊಟ್ಟು 8 ವಿಕೆಟ್ ಕಿತ್ತ. ಕೌಂಟಿ ಚಾಂಪಿಯನ್‌ಶಿಪ್‌ನಲ್ಲಿ ಅದಕ್ಕಿಂತ ಕಡಿಮೆ ಮೊತ್ತ ಇವತ್ತಿನವರೆಗೂ ಬಂದಿಲ್ಲ. ಆದರೆ ಈ ವಿಷಯವನ್ನು ನಾರ್ಥಾಂಪ್ಟನ್‌ಷೈರಿನ ಹಳೆಯ ಅಭಿಮಾನಿಯೊಬ್ಬರ ಮುಂದೆ ಎತ್ತಿ ನೋಡಿ. ತಲೆ ತಗ್ಗಿಸುವುದಿರಲಿ, ಕುರ್ಚಿಯಲ್ಲಿ ನೆಟ್ಟಗೆ ಕೂರುತ್ತಾರೆ. "ಆ ಪಂದ್ಯ ನಾವು ಸೋಲಲಿಲ್ಲ, ಅದು ಗೊತ್ತು ತಾನೆ?" ಎನ್ನುತ್ತಾರೆ. ಮಾತು ಸುಳ್ಳಲ್ಲ. ಎರಡನೇ ಇನಿಂಗ್ಸ್‌ನಲ್ಲಿ 40 ರನ್ನಿಗೆ 7 ವಿಕೆಟ್ ಬಿದ್ದು, ಇನ್ನೇನು ಕಥೆ ಮುಗಿಯಿತು ಅನ್ನುವಷ್ಟರಲ್ಲಿ ಮಳೆ ಹಿಡಿದು ಪಂದ್ಯ ಡ್ರಾ ಆಯಿತು.

1907ರಲ್ಲಿ ಇವರಿನ್ನೂ ಹುಟ್ಟಿರಲಿಲ್ಲ. ತಾತ ಅಪ್ಪನಿಗೆ, ಅಪ್ಪ ಇವರಿಗೆ ದಾಟಿಸಿದ ಆಸ್ತಿ ಇದು. ಹೊಲದ ಪಹಣಿಯಲ್ಲಿ ಹೆಸರು ಬದಲಾದಂತೆ ಸೋಲಿನ ವಾರಸುದಾರರೂ ಬದಲಾಗುತ್ತಾ ಬಂದಿದ್ದಾರೆ. ಈ ಮನೆಗಳಲ್ಲಿ ಪಾಲು ಕೇಳಿ ಕೋರ್ಟಿಗೆ ಹೋದವರು ಮಾತ್ರ ಇದ್ದಂತಿಲ್ಲ.

ಇಂಗ್ಲೆಂಡಿನ ಕೌಂಟಿ ಚಾಂಪಿಯನ್‌ಶಿಪ್ ಅಧಿಕೃತವಾಗಿ ಶುರುವಾದದ್ದು 1890ರಲ್ಲಿ. ಈಗಿರುವ 18 ಕೌಂಟಿಗಳ ಪೈಕಿ 15 ಒಮ್ಮೆಯಾದರೂ ಅದನ್ನು ಗೆದ್ದಿವೆ. ಉಳಿದವು ಸಾಮರ್‌ಸೆಟ್, ಗ್ಲಾಸ್ಟರ್‌ಷೈರ್ ಮತ್ತು 1905ರಿಂದ ಆಡುತ್ತಿರುವ ನಾರ್ಥಾಂಪ್ಟನ್‌ಷೈರ್. 1992ರಲ್ಲಿ ಹೊಸದಾಗಿ ಬಂದು ಸೇರಿಕೊಂಡ ಡರ್ಹಮ್, 2008, 2009 ಮತ್ತು 2013ರಲ್ಲಿ, ಹೀಗೆ ಮೂರು ಸಲ ಚಾಂಪಿಯನ್ ಆಯಿತು. ಡರ್ಹಮ್ ಹೆಸರು ಕಿವಿಗೆ ಬಿದ್ದೊಡನೆ ನಮ್ಮ ಅಭಿಮಾನಿ ಆಕಾಶ ನೋಡಿ, ಸಂಜೆ ಮಳೆ ಬರಬಹುದು ಎನ್ನುತ್ತಾರೆ.

ಮನೆತನದ ಆಸ್ತಿಯಲ್ಲಿ ಎಲ್ಲಕ್ಕಿಂತ ದೊಡ್ಡ ತುಂಡು 1935ರ ಮೇ 14ರಿಂದ 1939ರ ಮೇ 29ರವರೆಗಿನದು. ಅಷ್ಟೂ ಕಾಲ ನಾರ್ಥಾಂಪ್ಟನ್‌ಷೈರ್ ಒಂದೇ ಒಂದು ಚಾಂಪಿಯನ್‌ಶಿಪ್ ಪಂದ್ಯವನ್ನೂ ಗೆಲ್ಲಲಿಲ್ಲ. ಲೆಕ್ಕ ಹಾಕಿದರೆ 99 ಪಂದ್ಯ. ನೂರು ತುಂಬಿದ್ದರೆ ಒಂದು ಮೆರವಣಿಗೆಯನ್ನಾದರೂ ಮಾಡಬಹುದಿತ್ತು. ಅಷ್ಟರಲ್ಲಿ ಲೆಸ್ಟರ್‌ಷೈರ್ ಬಂದು, ನಾರ್ಥಾಂಪ್ಟನ್ನಿನಲ್ಲೇ ಇನಿಂಗ್ಸ್ ಅಂತರದಿಂದ ಸೋತು, ದಾಖಲೆ ಕೆಡಿಸಿಬಿಟ್ಟಿತು.

ಇಲ್ಲೊಂದು ಉಪಕಥೆ ಹೇಳಲೇಬೇಕು. 1925 ಮತ್ತು 1926ರಲ್ಲಿ ಡಬ್ಲಿನ್ ವಿಶ್ವವಿದ್ಯಾಲಯದ ತಂಡ ನಾರ್ಥಾಂಪ್ಟನ್ನಿಗೆ ಬಂದು ಆಡಿ ಹೋಯಿತು. ಆ ತಂಡದಲ್ಲಿದ್ದ ಒಬ್ಬ ಹುಡುಗ ಎರಡೂ ಪಂದ್ಯ ಸೇರಿ ನಾಲ್ಕು ಇನಿಂಗ್ಸ್‌ಗಳಲ್ಲಿ 35 ರನ್ ಗಳಿಸಿದ. ಹೆಸರು ಸ್ಯಾಮ್ಯುಯೆಲ್ ಬೆಕೆಟ್. ಯಾರೋ ಬರುತ್ತಾರೆಂದು ಇಬ್ಬರು ಕಾಯುತ್ತಲೇ ಇರುವ, ಕೊನೆಗೂ ಆತ ಬಾರದ ನಾಟಕ ಬರೆದು, 1969ರಲ್ಲಿ ನೊಬೆಲ್ ಪಡೆದದ್ದು ಇದೇ ಹುಡುಗ. ನಾಟಕದ ಪ್ರೇರಣೆಯ ಬಗ್ಗೆ ವಿಮರ್ಶಕರು ಪ್ಯಾರಿಸ್ಸನ್ನೂ ಮಹಾಯುದ್ಧವನ್ನೂ ತಡಕಾಡುತ್ತಾರೆ. ನಾರ್ಥಾಂಪ್ಟನ್ನಿನಲ್ಲಿ ಆ ಬಗ್ಗೆ ಯಾರಿಗೂ ಅನುಮಾನವಿಲ್ಲ.

ಹಾಗಂತ ತಂಡ ಯಾವಾಗಲೂ ಪಾತಾಳದಲ್ಲೇ ಇತ್ತೆಂದಲ್ಲ. ಇದ್ದಿದ್ದರೆ ಅಭಿಮಾನಿಗಳು ಎಷ್ಟೋ ನೆಮ್ಮದಿಯಾಗಿ ಇರುತ್ತಿದ್ದರು. 1912, 1957, 1965 ಮತ್ತು 1976ರಲ್ಲಿ ತಂಡ ಎರಡನೇ ಸ್ಥಾನಕ್ಕೆ ಬಂತು. ಇವುಗಳಲ್ಲಿ 1965ರ ಗಾಯ ಇನ್ನೂ ಒಣಗಿಲ್ಲ. ಆ ವರ್ಷ ನಾರ್ಥಾಂಪ್ಟನ್‌ಷೈರ್ ತನ್ನ ಪಾಲಿನ ಪಂದ್ಯಗಳನ್ನು ಮುಗಿಸಿ 140 ಅಂಕ ಇಟ್ಟುಕೊಂಡು ಕೂತಿತು. ವೂಸ್ಟರ್‌ಷೈರ್ ಎಲ್ಲಾದರೂ ಎಡವಿದ್ದರೆ ಸಾಕಿತ್ತು. ಬೋರ್ನ್‌ಮತ್‌ನಲ್ಲಿ ಹ್ಯಾಂಪ್‌ಷೈರ್ ಜೊತೆ ನಡೆದ ಅವರ ಪಂದ್ಯ ಮಳೆಯಲ್ಲಿ ನೆನೆದು ಡ್ರಾ ಕಡೆಗೆ ವಾಲಿತ್ತು. ಆಗ ಹ್ಯಾಂಪ್‌ಷೈರ್ ನಾಯಕ ಕಾಲಿನ್ ಇಂಗಲ್‌ಬಿ-ಮೆಕೆಂಜಿಗೆ ಆಟಕ್ಕೊಂದು ಕಳೆ ತರಬೇಕು ಅನ್ನಿಸಿತು. 146 ರನ್ ಹಿಂದಿರುವಾಗಲೇ ಡಿಕ್ಲೇರ್ ಮಾಡಿದರು. ವೂಸ್ಟರ್‌ಷೈರ್ ಒಂದು ಚೆಂಡು ಆಡಿದ ಶಾಸ್ತ್ರ ಮುಗಿಸಿ ತಾನೂ ಡಿಕ್ಲೇರ್ ಮಾಡಿ, 147 ಹೊಡೆಯಿರಿ ಎಂದಿತು. ಅಷ್ಟರಲ್ಲಿ ಒದ್ದೆ ಪಿಚ್ಚಿನ ಮೇಲೆ ಬಿಸಿಲು ಬಿತ್ತು. ಹ್ಯಾಂಪ್‌ಷೈರ್ 31ಕ್ಕೆ ಆಲೌಟ್! ಕೊನೆಗೆ ವೂಸ್ಟರ್‌ಷೈರ್ 144, ನಾರ್ಥಾಂಪ್ಟನ್‌ಷೈರ್ 140. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುವ ಮಾತಿದೆಯಲ್ಲ, ಇಲ್ಲಿ ತುತ್ತನ್ನು ಕಿತ್ತುಕೊಂಡದ್ದು ಎದುರಾಳಿಯೂ ಅಲ್ಲ, ಸುಮ್ಮನೆ ಪಕ್ಕದ ಎಲೆಗೆ ಕೂತಿದ್ದವರು.

ತಂಡದ ಮೈದಾನ ಇರುವುದು ವಾಂಟೇಜ್ ರೋಡಿನಲ್ಲಿ, ಒಂದಕ್ಕೊಂದು ಅಂಟಿಕೊಂಡ ಇಟ್ಟಿಗೆ ಮನೆಗಳ ಸಾಲುಗಳ ನಡುವೆ. ನಾರ್ಥಾಂಪ್ಟನ್ ಬೂಟು ತಯಾರಕರ ಊರು. 1994ರವರೆಗೆ ಊರಿನ ಫುಟ್ಬಾಲ್ ಕ್ಲಬ್ಬೂ ಇದೇ ಮೈದಾನದಲ್ಲಿ ಬಾಡಿಗೆಯವರಂತೆ ಮೂಲೆ ಹಿಡಿದಿತ್ತು. ಫುಟ್ಬಾಲ್ ಅಂಗಳಕ್ಕೆ ಮೂರು ಕಡೆ ಮಾತ್ರ ಸ್ಟ್ಯಾಂಡು, ನಾಲ್ಕನೇ ಕಡೆ ಕ್ರಿಕೆಟ್ಟಿನ ಹುಲ್ಲು. 1970ರಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್‌ನ ಜಾರ್ಜ್ ಬೆಸ್ಟ್ ಒಂದೇ ಪಂದ್ಯದಲ್ಲಿ ಆರು ಗೋಲು ಬಾರಿಸಿದ್ದು ಇಲ್ಲೇ. ಹಾಗಾಗಿ ಈ ಕ್ರಿಕೆಟ್ ಮೈದಾನದ ಅತ್ಯಂತ ಪ್ರಸಿದ್ಧ ಮಧ್ಯಾಹ್ನ ಫುಟ್ಬಾಲಿಗೆ ಸೇರಿದ್ದು, ಅದರಲ್ಲೂ ಎದುರು ತಂಡಕ್ಕೆ.

ಏಪ್ರಿಲ್ ತಿಂಗಳ ಒಂದು ಬೆಳಿಗ್ಗೆ ನಮ್ಮ ಅಭಿಮಾನಿ ಇಲ್ಲಿ ಬಂದು ಕೂರುವುದನ್ನು ನೋಡಬೇಕು. ಮೊದಲು ಸೀಟಿನ ಮೇಲೆ ಹಾಸಲು ನಿನ್ನೆಯ ಪತ್ರಿಕೆ. ಬನಿಯನ್, ಅಂಗಿ, ಸ್ವೆಟರ್, ಕೋಟು, ಅದರ ಮೇಲೊಂದು ಮಳೆಕೋಟು. ಫ್ಲಾಸ್ಕಿನ ಮುಚ್ಚಳಕ್ಕೆ ಬಗ್ಗಿಸಿದ ಚಹಾ ಕುಡಿಯುವಷ್ಟರಲ್ಲಿ ಆರಿರುತ್ತದೆ. ತೊಡೆಯ ಮೇಲೆ ಸ್ಕೋರ್‌ಬುಕ್, ಕಿವಿಯ ಸಂದಿಯಲ್ಲಿ ಪೆನ್ಸಿಲ್. ವಿಕೆಟ್ ಬಿದ್ದರೂ ಮುಖದಲ್ಲಿ ಏನೂ ಕಾಣುವುದಿಲ್ಲ. ಪೆನ್ಸಿಲಿನ ಮೊನೆ ಮುರಿದರೆ ಮಾತ್ರ ಬಾಯಿಂದ ಒಂದು ಶಬ್ದ ಹೊರಡುತ್ತದೆ. ಎದುರು ತಂಡದವ ಅರ್ಧಶತಕ ಹೊಡೆದರೆ ಗ್ಲೌಸ್ ಹಾಕಿದ ಕೈಗಳಿಂದಲೇ ದಬ್‌ದಬ್ ಎಂದು ಚಪ್ಪಾಳೆ.

ಊಟದ ವಿರಾಮ ಇನ್ನೂ ಚೆನ್ನ. ಕೌಂಟಿ ಮೈದಾನಗಳಲ್ಲಿ ಆಗ ಪ್ರೇಕ್ಷಕರನ್ನು ಹುಲ್ಲಿನ ಮೇಲೆ ಓಡಾಡಲು ಬಿಡುವ ವಾಡಿಕೆಯಿದೆ. ಇವರು ಕೈ ಹಿಂದಕ್ಕೆ ಕಟ್ಟಿಕೊಂಡು ಪಿಚ್ಚಿನ ಹಗ್ಗದವರೆಗೆ ನಡೆದು, ಸೊಂಟ ಬಾಗಿಸಿ, ಕಣ್ಣು ಕಿರಿದು ಮಾಡಿ ನೋಡುತ್ತಾರೆ. ಪಕ್ಕದಲ್ಲೇ ಇನ್ನೊಬ್ಬ ಹಿರಿಯರು ಅದೇ ಭಂಗಿಯಲ್ಲಿ. "ತಿರುಗುತ್ತೆ" ಎನ್ನುತ್ತಾರೆ ಒಬ್ಬರು. "ನಾಲ್ಕನೇ ದಿನ" ಎನ್ನುತ್ತಾರೆ ಮತ್ತೊಬ್ಬರು. ನಾಲ್ಕನೇ ದಿನದವರೆಗೆ ತಮ್ಮ ತಂಡ ಉಳಿಯುತ್ತದೆಯೇ ಅನ್ನುವುದನ್ನು ಇಬ್ಬರೂ ಎತ್ತುವುದಿಲ್ಲ.

ಕ್ಲಬ್ ಹುಟ್ಟಿದ್ದು 1878ರಲ್ಲಿ. ಮೊದಲ ದೊಡ್ಡ ಕಪ್ ಬಂದದ್ದು 1976ರಲ್ಲಿ, ಅಂದರೆ 98 ವರ್ಷಕ್ಕೆ. ಅದು ಲಾರ್ಡ್ಸ್‌ನಲ್ಲಿ ನಡೆದ ಜಿಲೆಟ್ ಕಪ್ ಫೈನಲ್. ಲ್ಯಾಂಕಾಷೈರ್ ಇನಿಂಗ್ಸಿನ ಕೊನೆಯ ಓವರ್‌ನಲ್ಲಿ ನಮ್ಮ ಬಿಷನ್ ಸಿಂಗ್ ಬೇಡಿಗೆ ಡೇವಿಡ್ ಹ್ಯೂಸ್ 26 ರನ್ ಚಚ್ಚಿದ್ದ. ಆದರೂ ನಾರ್ಥಾಂಪ್ಟನ್‌ಷೈರ್ ಗೆದ್ದಿತು. ನಮ್ಮ ಅಭಿಮಾನಿಯನ್ನು ಆ ಫೈನಲ್ ಬಗ್ಗೆ ಕೇಳಿದರೆ ಆ ಓವರಿನ ಆರೂ ಚೆಂಡುಗಳನ್ನು ಒಂದೊಂದಾಗಿ ವಿವರಿಸುತ್ತಾರೆ. ಗೆದ್ದದ್ದನ್ನು ಹೇಳುವ ಹೊತ್ತಿಗೆ ಚಹಾ ವಿರಾಮ ಮುಗಿದಿರುತ್ತದೆ.

ಕನ್ನಡಿಗರು ಈ ಮೈದಾನವನ್ನು ನೆನಪಿಟ್ಟುಕೊಳ್ಳಬೇಕಾದದ್ದು 1995ಕ್ಕಾಗಿ. ಬೆಂಗಳೂರಿನ ಆರ್.ವಿ. ಕಾಲೇಜಿನಲ್ಲಿ ಎಂಜಿನಿಯರಿಂಗ್ ಓದಿದ ತರುಣನೊಬ್ಬ ಆ ಬೇಸಿಗೆ ಇಲ್ಲಿಗೆ ಬಂದಿಳಿದ. ಲೆಗ್‌ಸ್ಪಿನ್ನರ್ ಅಂದರು, ಚೆಂಡು ಹೆಚ್ಚು ತಿರುಗಲೂ ಇಲ್ಲ, ನಿಧಾನವಾಗಿಯೂ ಬರಲಿಲ್ಲ. ಕೂತಿದ್ದವರು ಹುಬ್ಬೇರಿಸಿದರೆ ಆಶ್ಚರ್ಯವಿಲ್ಲ. ಸೀಸನ್ ಮುಗಿಯುವ ವೇಳೆಗೆ ಅನಿಲ್ ಕುಂಬ್ಳೆ 105 ವಿಕೆಟ್ ಕಬಳಿಸಿ ಇಡೀ ಇಂಗ್ಲೆಂಡಿನಲ್ಲಿ ಎಲ್ಲರಿಗಿಂತ ಮುಂದಿದ್ದರು. ಅದೇ ವರ್ಷ ನಾಟಿಂಗ್‌ಹ್ಯಾಮ್‌ಷೈರ್ ಇಲ್ಲಿಗೆ ಬಂದು 527 ರನ್ ಹೊಡೆಯಿತು. ನಾರ್ಥಾಂಪ್ಟನ್‌ಷೈರ್ ಉತ್ತರವಾಗಿ 7 ವಿಕೆಟ್ಟಿಗೆ 781 ಹೊಡೆದು, ಅವರನ್ನು 157ಕ್ಕೆ ಉರುಳಿಸಿ, ಇನಿಂಗ್ಸ್ ಮತ್ತು 97 ರನ್‌ಗಳಿಂದ ಗೆದ್ದಿತು. 527 ಹೊಡೆದವರು ಇನಿಂಗ್ಸ್ ಸೋಲು ಕಾಣುವುದೆಂದರೇನು! ಸೋಲುವುದರಲ್ಲಿ ಇಷ್ಟು ನುರಿತ ಊರಿಗೂ ಇಂಥ ಸೋಲು ಹೊಸದಾಗಿತ್ತು. ಒಳಗೊಳಗೇ ಸ್ವಲ್ಪ ಹೊಟ್ಟೆಕಿಚ್ಚೂ ಆಗಿರಬೇಕು.

ಇಷ್ಟೆಲ್ಲ ಆಗಿಯೂ ಕೊನೆಗೆ ಸಿಕ್ಕಿದ್ದು ಮೂರನೇ ಸ್ಥಾನ. ಚಾಂಪಿಯನ್ ಆದದ್ದು ವಾರಿಕ್‌ಷೈರ್. ನ್ಯಾಟ್‌ವೆಸ್ಟ್ ಟ್ರೋಫಿಯ ಫೈನಲ್ಲಿನಲ್ಲೂ ಸೋಲಿಸಿದ್ದು ಅದೇ ವಾರಿಕ್‌ಷೈರ್.

ಮುಂದೆ ಟಿ20 ಬಂತು. 2013ರಲ್ಲೂ 2016ರಲ್ಲೂ ನಾರ್ಥಾಂಪ್ಟನ್‌ಷೈರ್ ಆ ಕಪ್ಪನ್ನು ಗೆದ್ದೇ ಬಿಟ್ಟಿತು. 2016ರ ಫೈನಲ್ಲಿನಲ್ಲಿ ಎದುರಿಗಿದ್ದದ್ದು ಡರ್ಹಮ್! ಇಷ್ಟಾದರೂ ಕುಣಿದಾಡಬೇಡವೆ? ನಮ್ಮವರು ಮೂರು ಗಂಟೆಯಲ್ಲಿ ಮುಗಿಯುವುದನ್ನು ಆಟದ ಲೆಕ್ಕಕ್ಕೆ ಹಿಡಿಯುವವರಲ್ಲ. ಆ ಸಂಜೆ ಡರ್ಹಮ್ ಹೆಸರನ್ನು ತಾವಾಗಿಯೇ ಎರಡು ಸಲ ಉಚ್ಚರಿಸಿದರು, ಅಷ್ಟೆ.

2023ರಲ್ಲಿ ಇನ್ನೊಬ್ಬ ಕನ್ನಡಿಗ ಬಂದ. ಚೆನ್ನೈನ ಟೆಸ್ಟಿನಲ್ಲಿ ಔಟಾಗದೆ 303 ಹೊಡೆದೂ ಭಾರತ ತಂಡದಿಂದ ಹೊರಗುಳಿದಿದ್ದ ಕರುಣ್ ನಾಯರ್. ಕೈಯಲ್ಲಿದ್ದದ್ದು ಜಾರಿಹೋಗುವುದರ ಬಗ್ಗೆ ಈ ಊರಿಗೆ ಹೇಳಿಕೊಡಬೇಕಾದದ್ದು ಏನೂ ಇಲ್ಲ. ಅವರನ್ನು ಕೂಡಲೇ ಮನೆಮಗನ ಹಾಗೆ ಕರೆದುಕೊಂಡರು. ಓವಲ್‌ನಲ್ಲಿ, ಆ ವರ್ಷ ಚಾಂಪಿಯನ್ ಆದ ಸರ್ರೆಯ ಬೌಲಿಂಗ್ ಎದುರಿಸಿ ಕರುಣ್ 150 ಹೊಡೆದರು. ಮರುವರ್ಷ ಮತ್ತೆ ಬಂದು ಗ್ಲಾಮೋರ್ಗನ್ ವಿರುದ್ಧ ಔಟಾಗದೆ 202.

ಆದರೆ 2023ರ ಕೊನೆಗೆ ತಂಡ ಎರಡನೇ ಡಿವಿಷನ್ನಿಗೆ ಇಳಿದಿತ್ತು. ಎರಡನೇ ಡಿವಿಷನ್ನಿನಲ್ಲಿದ್ದವರು ಎಷ್ಟೇ ಗೆದ್ದರೂ ಚಾಂಪಿಯನ್ ಆಗುವ ಹಾಗಿಲ್ಲ. ಹಾಗಾಗಿ ಕಳೆದುಕೊಳ್ಳುವ ಭಯವೂ ಇಲ್ಲ ಎಂದು ನಮ್ಮ ಅಭಿಮಾನಿ ಮನೆಯವರಿಗೆ ವಿವರಿಸಿ, ಮುಂದಿನ ಸೀಸನ್ನಿನ ಸದಸ್ಯತ್ವದ ಹಣ ಕಟ್ಟಿ, ಮೊಮ್ಮಗಳ ಹೆಸರಿಗೂ ಒಂದು ಅರ್ಜಿ ತುಂಬಿಸಿಕೊಂಡು ಬಂದರು.